ಮುಚ್ಚಿದ ನಾವೆಗೆ ಬೆಳಕು ತರಬೇಕಾದವರು ಯಾರು?

ಕುರ್‌ಆನಿನ ಜೊತೆ ಬೆಳೆದವರು ಮಾರ್ಮನ್ ಧರ್ಮದ ಕಡೆ ತಿರುಗಿದಾಗ ಮೊದಲು ಕಣ್ಣಿಗೆ ಬೀಳುವುದು ಹೋಲಿಕೆಗಳು. ಶಾಲೆ ಹೆಚ್ಚು ಕಾಣದ ಒಬ್ಬ ಮನುಷ್ಯ, ಅವನ ಬಳಿಗೆ ಬರುವ ದೇವದೂತ, ಹೊಸ ಗ್ರಂಥ, ಊರಿಂದೂರಿಗೆ ಅಟ್ಟಿಸಿಕೊಳ್ಳುವ ಅನುಯಾಯಿಗಳು, ಕೊನೆಗೆ ಬರಡು ನೆಲದಲ್ಲಿ ಕಟ್ಟಿಕೊಂಡ ತಮ್ಮದೇ ನಗರ. ಮದ್ಯ ನಿಷಿದ್ಧ, ಉಪವಾಸ ಉಂಟು, ಆದಾಯದಲ್ಲಿ ಪಾಲು ತೆಗೆದಿಡುವ ಕಟ್ಟಳೆ ಉಂಟು. ಈ ಹೋಲಿಕೆ ಇವತ್ತಿನದಲ್ಲ. 1838ರಲ್ಲಿ, ಮಾರ್ಮನ್ ಧರ್ಮ ಸ್ಥಾಪಿಸಿದ ಜೋಸೆಫ್ ಸ್ಮಿತ್‌ನಿಂದ ಮುನಿದು ಹೊರಬಂದ ಥಾಮಸ್ ಮಾರ್ಷ್, ಸ್ಮಿತ್ ಈ ಪೀಳಿಗೆಗೆ ಎರಡನೇ ಮುಹಮ್ಮದ್ ಆಗುವ ಮಾತಾಡಿದ್ದಾನೆ ಎಂದು ಪ್ರಮಾಣ ಮಾಡಿ ಬರೆದುಕೊಟ್ಟ. ಅವನ ಮಟ್ಟಿಗೆ ಅದು ದೂರು. 1855ರ ಸೆಪ್ಟೆಂಬರಿನಲ್ಲಿ ಮಾರ್ಮನರು ಕಟ್ಟಿದ ಸಾಲ್ಟ್ ಲೇಕ್ ನಗರದ ಧರ್ಮಪೀಠದಿಂದಲೇ ಅವರ ನಾಯಕರಾದ ಜಾರ್ಜ್ ಎ. ಸ್ಮಿತ್ ಮತ್ತು ಪಾರ್ಲಿ ಪ್ರ್ಯಾಟ್ ಪ್ರವಾದಿ ಮುಹಮ್ಮದರ ಬಗ್ಗೆ ಗೌರವದಿಂದ ಮಾತಾಡಿದರು. ಆ ಕಾಲದ ಅಮೆರಿಕದಲ್ಲಿ ಅದು ಅಪರೂಪದ ಮಾತು. 1853ರಲ್ಲಿ ವೇಷ ಮರೆಸಿಕೊಂಡು ಮಕ್ಕಾಕ್ಕೆ ಹೋಗಿ ಬಂದಿದ್ದ ಇಂಗ್ಲಿಷ್ ಪ್ರವಾಸಿ ರಿಚರ್ಡ್ ಬರ್ಟನ್ 1860ರಲ್ಲಿ ಸಾಲ್ಟ್ ಲೇಕ್ ನೋಡಲು ಹೋದದ್ದೂ ಇದೇ ಕುತೂಹಲದಿಂದ.

ಹೋಲಿಕೆಗಳನ್ನೇ ನಂಬಿ ಮುಂದೆ ಹೋದರೆ ಬೇಗ ಎಡವುತ್ತೇವೆ. ಕುರ್‌ಆನ್ 610ರಿಂದ 632ರವರೆಗೆ ಬಿಡಿಬಿಡಿಯಾಗಿ ಕೇಳಿಬಂದು ಕಂಠಸ್ಥವಾದ ಗ್ರಂಥ. ಅದರ ಬದುಕು ಉಚ್ಚಾರದಲ್ಲಿದೆ. ಮಾರ್ಮನ್ ಗ್ರಂಥ, ಸ್ಮಿತ್ ಹೇಳಿದ ಪ್ರಕಾರ, 1827ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಗುಡ್ಡದಿಂದ ತೆಗೆದ ಚಿನ್ನದ ಫಲಕಗಳ ಅನುವಾದ. ಅನುವಾದದ ಹೆಚ್ಚಿನ ಭಾಗ ನಡೆದದ್ದು 1829ರ ಏಪ್ರಿಲ್‌ನಿಂದ ಜೂನ್‌ವರೆಗೆ. ಟೋಪಿಯೊಳಗೆ ಒಂದು ಕಲ್ಲನ್ನಿಟ್ಟು, ಬೆಳಕು ಬೀಳದಂತೆ ಮುಖ ಮುಚ್ಚಿಕೊಂಡು ಸ್ಮಿತ್ ಹೇಳುತ್ತ ಹೋದ, ಆಲಿವರ್ ಕೌಡರಿ ಬರೆದುಕೊಂಡ. ಆ ಕಲ್ಲಿನ ಛಾಯಾಚಿತ್ರವನ್ನು ಮಾರ್ಮನರ ಚರ್ಚ್, ಅಂದರೆ ಸಭೆಯೇ 2015ರಲ್ಲಿ ಪ್ರಕಟಿಸಿತು. 1830ರ ಮಾರ್ಚ್‌ನಲ್ಲಿ ಪಾಲ್ಮೈರಾ ಊರಿನ ಮುದ್ರಣಾಲಯದಿಂದ 5,000 ಪ್ರತಿಗಳು ಹೊರಬಂದವು. ಅದಕ್ಕೆ ತಗಲಿದ 3,000 ಡಾಲರ್‌ಗೆ ಮಾರ್ಟಿನ್ ಹ್ಯಾರಿಸ್ ತನ್ನ ಹೊಲ ಅಡವಿಟ್ಟಿದ್ದ. ಒಂದು ಅಕ್ಷರವೂ ಬದಲಾಗದ ಗ್ರಂಥಕ್ಕೆ ಒಗ್ಗಿದವರಿಗೆ ಇಲ್ಲಿ ಒಂದು ಪೆಟ್ಟು ಕಾದಿದೆ: 1830ರ ಪ್ರತಿಯಲ್ಲಿ ಮರಿಯಳನ್ನು ‘ದೇವರ ತಾಯಿ’ ಎಂದಿದ್ದ ಸಾಲು 1837ರ ಎರಡನೇ ಮುದ್ರಣದಲ್ಲಿ ‘ದೇವರ ಮಗನ ತಾಯಿ’ ಎಂದಾಯಿತು. ತಿದ್ದಿದ್ದು ಸ್ಮಿತ್‌ನೇ. ಪ್ರವಾದಿ ಬದುಕಿರುವಷ್ಟು ಕಾಲ ಗ್ರಂಥವೂ ತೆರೆದೇ ಇರುತ್ತದೆ ಎನ್ನುವುದು ಈ ಧರ್ಮದ ಮೂಲ ನಿಲುವು. ಅದನ್ನು ಒಪ್ಪಲಿ, ಬಿಡಲಿ, ಮೊದಲೇ ತಿಳಿದಿರಬೇಕು.

ದಾನದ ಲೆಕ್ಕವೂ ಹಾಗೆಯೇ ಮೋಸಹೋಗಿಸುತ್ತದೆ. ಇಸ್ಲಾಮಿನ ಕಡ್ಡಾಯ ದಾನ ಝಕಾತ್ 2.5 ಶೇಕಡ, ಮಾರ್ಮನ್ ದಶಮಾಂಶ 10 ಶೇಕಡ ಎಂದು ಪಕ್ಕಪಕ್ಕ ಇಟ್ಟರೆ ತಪ್ಪು. ಝಕಾತ್ ಬೀಳುವುದು ಒಂದು ಚಾಂದ್ರವರ್ಷ ಕೈಯಲ್ಲೇ ಉಳಿದ, ನಿಸಾಬ್ ಎಂಬ ಕನಿಷ್ಠ ಮಿತಿ ಮೀರಿದ ಸಂಪತ್ತಿನ ಮೇಲೆ. ಚಿನ್ನದಲ್ಲಿ ಆ ಮಿತಿ ಸುಮಾರು 85 ಗ್ರಾಂ. ದಶಮಾಂಶ ಬೀಳುವುದು ವರ್ಷದ ಆದಾಯದ ಮೇಲೆ, ಉಳಿತಾಯ ಇರಲಿ ಇಲ್ಲದಿರಲಿ. ಝಕಾತ್ ಯಾರಿಗೆ ಸೇರಬೇಕೆಂದು ಕುರ್‌ಆನ್ ಎಂಟು ವರ್ಗಗಳನ್ನು ಹೆಸರಿಸುತ್ತದೆ. ದಶಮಾಂಶ ನೇರ ಸಭೆಯ ಖಜಾನೆಗೆ ಹೋಗುತ್ತದೆ. ಬಡವರಿಗಾಗಿ ಬೇರೆಯೇ ಕಾಣಿಕೆ ಉಂಟು. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟವನ್ನೂ ನೀರನ್ನೂ ಬಿಟ್ಟು, ಆ ಊಟದ ಬೆಲೆಯನ್ನಾದರೂ ಕೊಡಬೇಕು. ರಮಝಾನಿಗೆ ಒಗ್ಗಿದ ಮೈಗೆ ಈ ಉಪವಾಸ ಹಗುರ. ಕಷ್ಟವಾಗುವುದು ಚಹಾ ಮತ್ತು ಕಾಫಿ ಬಿಡುವುದು.

ನಿಜವಾದ ಅಂತರ ಎಲ್ಲಿದೆ ಎಂದು ಹುಡುಕುವವರಿಗೆ ನಾನು ತೋರಿಸುವ ಜಾಗ ಸಮುದ್ರ. ಎರಡೂ ಗ್ರಂಥಗಳಲ್ಲಿ ಹಡಗುಗಳಿವೆ, ಬಿರುಗಾಳಿಯಿದೆ, ನಡುಗಡಲಲ್ಲಿ ದೇವರನ್ನು ಕೂಗುವ ಜನರಿದ್ದಾರೆ. ದೇವರು ಯಾರು, ಮನುಷ್ಯನಿಂದ ಏನು ಬಯಸುತ್ತಾನೆ ಎನ್ನುವ ವ್ಯತ್ಯಾಸ ದೇವತಾಶಾಸ್ತ್ರದ ಅಧ್ಯಾಯಗಳಿಗಿಂತ ನಿಚ್ಚಳವಾಗಿ ಈ ಹಡಗುಗಳಲ್ಲೇ ಕಾಣುತ್ತದೆ.

ಕುರ್‌ಆನಿನಲ್ಲಿ ಕಡಲು ಒಂದು ಕುರುಹು. ಪರ್ವತಗಳಂತೆ ಸಾಗುವ ಹಡಗುಗಳು ಅಲ್ಲಾಹನ ನಿದರ್ಶನಗಳು. ಅವನು ಬಯಸಿದರೆ ಗಾಳಿಯನ್ನು ನಿಲ್ಲಿಸುತ್ತಾನೆ, ಅವು ಕಡಲ ಬೆನ್ನ ಮೇಲೆ ಅಲುಗದೆ ನಿಂತುಬಿಡುತ್ತವೆ ಎನ್ನುತ್ತದೆ ಸೂರಾ ಅಶ್ಶೂರಾ. ಸೂರಾ ಯೂನುಸ್ ಇನ್ನೂ ಹತ್ತಿರಕ್ಕೆ ಬರುತ್ತದೆ: ಒಳ್ಳೆಯ ಗಾಳಿಯಲ್ಲಿ ಹಿಗ್ಗಿ ಹೋಗುತ್ತಿದ್ದವರ ಮೇಲೆ ಎಲ್ಲ ದಿಕ್ಕಿನಿಂದ ಅಲೆ ಏರಿದಾಗ ಅವರು ಶುದ್ಧ ಮನಸ್ಸಿನಿಂದ ಅಲ್ಲಾಹನೊಬ್ಬನನ್ನೇ ಕರೆಯುತ್ತಾರೆ, ದಡ ಸೇರಿದ ಮೇಲೆ ಮರೆಯುತ್ತಾರೆ. ನೂಹರ (ಬೈಬಲಿನ ನೋಹ) ನಾವೆಯ ರಚನೆಯ ಬಗ್ಗೆ ಹೇಳುವುದು ಹಲಗೆ ಮತ್ತು ಮೊಳೆ ಎಂಬಷ್ಟನ್ನೇ. ಉದ್ದ, ಅಗಲ, ಮಹಡಿ ಯಾವುದೂ ಇಲ್ಲ, ಅವು ಬೈಬಲಿನಲ್ಲಿವೆ. ‘ನಮ್ಮ ಕಣ್ಣೆದುರು, ನಮ್ಮ ಆದೇಶದಂತೆ ನಾವೆ ಕಟ್ಟು’ ಎಂಬುದು ಅಪ್ಪಣೆ. ಹತ್ತುವಾಗ ಹೇಳುವ ಮಾತು, ಇದರ ಸಾಗುವಿಕೆಯೂ ಲಂಗರೂ ಅಲ್ಲಾಹನ ಹೆಸರಿನಲ್ಲಿ ಎಂಬುದು. ನಾವೆ ಹೇಗೆ ತೇಲಿತು ಎನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ.

ಮಾರ್ಮನ್ ಗ್ರಂಥದ ಈಥರ್ ಎಂಬ ಭಾಗದಲ್ಲಿ ಅದೇ ದೊಡ್ಡ ಪ್ರಶ್ನೆ. ಬಾಬೆಲ್ ಗೋಪುರದ ಕಾಲದಲ್ಲಿ ಹೊರಟ ಜರೆದ್ ಎಂಬವನ ಬಳಗ ಮಹಾಸಾಗರದ ದಡಕ್ಕೆ ಬಂದು ನಾಲ್ಕು ವರ್ಷ ಡೇರೆಗಳಲ್ಲಿ ಕಳೆಯುತ್ತದೆ. ಆಮೇಲೆ ಎಂಟು ನಾವೆ ಕಟ್ಟುತ್ತಾರೆ. ಒಂದೊಂದರ ಉದ್ದ ಒಂದು ಮರದಷ್ಟು, ಎರಡು ತುದಿ ಚೂಪು, ನೀರ ಮೇಲೆ ಹಕ್ಕಿಯಂತೆ ಹಗುರ, ತಳ, ಬದಿ, ಮೇಲ್ಭಾಗ, ಬಾಗಿಲು ಎಲ್ಲವೂ ನೀರು ಒಸರದಷ್ಟು ಬಿಗಿ. ಕಟ್ಟಿ ಮುಗಿಸಿದ ಮೇಲೆ ಜರೆದ್‌ನ ಸಹೋದರ ದೇವರ ಮುಂದೆ ಮೂರು ತೊಂದರೆ ಇಡುತ್ತಾನೆ: ಒಳಗೆ ಬೆಳಕಿಲ್ಲ, ಎತ್ತ ನಡೆಸಬೇಕೆಂದು ಗೊತ್ತಿಲ್ಲ, ಉಸಿರಾಡಲು ಗಾಳಿಯಿಲ್ಲ.

ಮೂರನೆಯದು ಎಷ್ಟು ನಿಜವಾದ ತೊಂದರೆ ಎನ್ನುವುದಕ್ಕೆ ಲೆಕ್ಕ ಹಾಕಿ ನೋಡಬಹುದು. ಸುಮ್ಮನೆ ಕೂತು, ಸ್ವಲ್ಪ ಓಡಾಡುವ ಮನುಷ್ಯ ದಿನಕ್ಕೆ ಸುಮಾರು 350 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಮೂವರೆಂದರೆ ಒಂದು ಘನ ಮೀಟರ್. ಒಳಜಾಗ 50 ಘನ ಮೀಟರ್ ಇರುವ ನಾವೆಯನ್ನು ಪೂರ್ತಿ ಮುಚ್ಚಿದರೆ ಒಂದೇ ದಿನದಲ್ಲಿ ಆ ಅನಿಲ 2 ಶೇಕಡಕ್ಕೆ ಏರುತ್ತದೆ. 3 ಶೇಕಡದ ಹೊತ್ತಿಗೆ ತಲೆನೋವು, ಏದುಸಿರು ಶುರು. ಜೊತೆಗೆ ಆಡು ಕುರಿಗಳಿದ್ದರೆ ಅರ್ಧ ದಿನವೇ ಹೆಚ್ಚು. ದೀಪ ಹಚ್ಚಿದರೆ ಇನ್ನೂ ಬೇಗ. ಗ್ರಂಥದಲ್ಲಿ ದೇವರು ಬೆಂಕಿ ಕೂಡದು, ಕಿಟಕಿಯೂ ಕೂಡದು, ಕಿಟಕಿಯಾದರೆ ಅಲೆಗೆ ಪುಡಿಯಾಗುತ್ತದೆ ಎನ್ನುವಲ್ಲಿ ಕಡಲಿನ ತಿಳಿವಳಿಕೆ ಇದೆ. ಗಾಳಿಗೆ ಅವನು ಕೊಡುವ ಪರಿಹಾರ: ಮೇಲೊಂದು ತೂತು, ತಳದಲ್ಲೊಂದು ತೂತು, ಎರಡಕ್ಕೂ ಬೆಣೆ. ಉಸಿರು ಕಟ್ಟಿದಾಗ ತೆರೆ, ನೀರು ಬಂದರೆ ಮುಚ್ಚು. ತಳದ ತೂತು ಓದುಗರನ್ನು ಬಹುಕಾಲದಿಂದ ಕಾಡಿದೆ. ತೇಲುವ ನಾವೆಯ ತಳ ತೆರೆದರೆ ಹೊರಗಿನ ಮಟ್ಟಕ್ಕೆ ನೀರು ಒಳಗೆ ಏರುತ್ತದೆ. ತೂತಿನ ಸುತ್ತ ಆ ಮಟ್ಟಕ್ಕಿಂತ ಎತ್ತರದ ಗೋಡೆ ಕಟ್ಟಿದ್ದರೆ ತೊಂದರೆಯಿಲ್ಲ, ಅದು ಕಸ ಹೊರಹಾಕುವ ಬಾವಿಯೂ ಆಗುತ್ತದೆ. ಇಲ್ಲವೇ ನಾವೆ ಮಗುಚಿದಾಗ ತಳವೇ ಮೇಲಾಗುತ್ತದೆ ಎಂಬ ವಿವರಣೆ. ಗ್ರಂಥ ಎರಡನ್ನೂ ಹೇಳುವುದಿಲ್ಲ.

ದಿಕ್ಕಿನ ಚಿಂತೆಯನ್ನು ದೇವರು ತಾನೇ ಹೊರುತ್ತಾನೆ. ವಾಗ್ದತ್ತ ನಾಡಿನ ಕಡೆಗೆ ಬೀಸುವ ಗಾಳಿ ನಿಲ್ಲುವುದೇ ಇಲ್ಲ. ಉಳಿದದ್ದು ಬೆಳಕು. ಅಲ್ಲಿ ಕಥೆ ಅನಿರೀಕ್ಷಿತವಾಗಿ ತಿರುಗುತ್ತದೆ. ಬೆಳಕಿಗೆ ನಾನೇನು ಮಾಡಬೇಕೆಂದು ನೀನು ಬಯಸುತ್ತೀ ಎಂದು ದೇವರು ಮನುಷ್ಯನನ್ನೇ ಕೇಳುತ್ತಾನೆ. ನೂಹರ ನಾವೆಯ ಕಥೆ ಕೇಳಿ ಬೆಳೆದ ಮುಸ್ಲಿಂ ಓದುಗ ಇಲ್ಲಿ ನಿಲ್ಲಲೇಬೇಕು. ಅಪ್ಪಣೆ ಕೊಡಬೇಕಾದವನು ಸಲಹೆ ಕೇಳುತ್ತಿದ್ದಾನೆ.

ಜರೆದ್‌ನ ಸಹೋದರ ಶೆಲೆಮ್ ಎಂಬ ಬೆಟ್ಟಕ್ಕೆ ಹೋಗಿ ಬಂಡೆಯನ್ನು ಕರಗಿಸಿ ಗಾಜಿನಂತೆ ತಿಳಿಯಾದ ಹದಿನಾರು ಚಿಕ್ಕ ಕಲ್ಲುಗಳನ್ನು ಮಾಡುತ್ತಾನೆ, ನಾವೆಗೆ ಎರಡರಂತೆ. ಅವನ್ನು ಬೆಟ್ಟದ ತುದಿಗೆ ಒಯ್ದು, ನಿನ್ನ ಬೆರಳಿನಿಂದ ಮುಟ್ಟು, ಇವು ಕತ್ತಲಲ್ಲಿ ಬೆಳಗಲಿ ಎಂದು ಬೇಡುತ್ತಾನೆ. ದೇವರು ಒಂದೊಂದಾಗಿ ಮುಟ್ಟುತ್ತಾನೆ. ಆ ಕ್ಷಣ ಪರದೆ ಸರಿದು ಮನುಷ್ಯನಿಗೆ ಬೆರಳು ಕಾಣುತ್ತದೆ, ರಕ್ತಮಾಂಸದ ಬೆರಳಿನಂತೆ. ಅವನು ಹೆದರಿ ನೆಲಕ್ಕೆ ಬೀಳುತ್ತಾನೆ. ದೇವರಿಗೆ ರಕ್ತಮಾಂಸವಿದೆ ಎಂದು ನನಗೆ ತಿಳಿದಿರಲಿಲ್ಲ ಎನ್ನುತ್ತಾನೆ. ಆಮೇಲೆ ಪೂರ್ತಿ ರೂಪವೇ ಕಾಣುತ್ತದೆ. ತಾನು ಯೇಸು ಕ್ರಿಸ್ತ, ನೀನು ನೋಡುತ್ತಿರುವುದು ನನ್ನ ಆತ್ಮದ ದೇಹ ಎಂದು ಆ ರೂಪ ಹೇಳುತ್ತದೆ.

ಇದರ ಪಕ್ಕಕ್ಕೆ ಸೂರಾ ಅಲ್‌ಅಅ್‌ರಾಫ್‌ನ 143ನೇ ಸೂಕ್ತವನ್ನು ಇಡಿ. ಅಲ್ಲೂ ಬೆಟ್ಟ, ಅಲ್ಲೂ ಒಬ್ಬ ಪ್ರವಾದಿ. ನಿನ್ನನ್ನು ನೋಡಬೇಕು ಎಂದು ಮೂಸಾ (ಬೈಬಲಿನ ಮೋಶೆ) ಕೇಳುತ್ತಾರೆ. ನೀನು ನನ್ನನ್ನು ನೋಡಲಾರೆ, ಆ ಬೆಟ್ಟವನ್ನು ನೋಡು ಎಂಬ ಉತ್ತರ ಬರುತ್ತದೆ. ಬೆಟ್ಟದ ಮೇಲೆ ಪ್ರಕಟವಾದಾಗ ಬೆಟ್ಟ ಪುಡಿಯಾಗುತ್ತದೆ, ಮೂಸಾ ಪ್ರಜ್ಞೆ ತಪ್ಪಿ ಬೀಳುತ್ತಾರೆ. ಒಂದು ಕಡೆ ಕೇಳಿದರೂ ಕಾಣದ ದೇವರು. ಇನ್ನೊಂದು ಕಡೆ, ದೀಪದ ಸಮಸ್ಯೆ ಬಗೆಹರಿಸುವಾಗ ಕಾಣಿಸಿಬಿಟ್ಟ ದೇವರು. ಸ್ಮಿತ್ 1843ರ ಏಪ್ರಿಲ್‌ನಲ್ಲಿ ತಂದೆಯಾದ ದೇವರಿಗೆ ಮನುಷ್ಯನಷ್ಟೇ ಮುಟ್ಟಬಹುದಾದ ಮಾಂಸ ಮತ್ತು ಮೂಳೆಯ ದೇಹವಿದೆ ಎಂದು ಬೋಧಿಸಿದ. 1844ರ ಏಪ್ರಿಲ್ 7ರ ಪ್ರವಚನದಲ್ಲಿ, ದೇವರೂ ಒಂದು ಕಾಲಕ್ಕೆ ನಮ್ಮಂತೆ ಇದ್ದವನು, ಮನುಷ್ಯನೂ ಆ ಸ್ಥಿತಿಗೆ ಏರಬಲ್ಲ ಎಂದ. ತೌಹೀದ್ ಅನ್ನು, ಅಂದರೆ ದೇವರ ಏಕತ್ವವನ್ನು, ಎದೆಯಲ್ಲಿಟ್ಟುಕೊಂಡವರಿಗೆ ದಾಟಲು ಅತಿ ಅಗಲವಾದ ನೀರು ಇದು. ಮದ್ಯ, ಉಪವಾಸ, ದಾನಗಳ ಹೋಲಿಕೆ ಇಲ್ಲಿ ಸೇತುವೆ ಆಗುವುದಿಲ್ಲ. ಮಿಷನರಿಗಳ ಮೊದಲ ಪಾಠಗಳಲ್ಲಿ ದೇವರು ಪ್ರೀತಿಯ ತಂದೆ ಎಂಬ ಮಾತಿನ ಹಿಂದೆ ಈ ವಿಷಯ ಸದ್ದಿಲ್ಲದೆ ದಾಟಿಹೋಗಬಹುದು. ಬಾಯಿಬಿಟ್ಟು ಕೇಳಬೇಕು.

ಎಂಟು ನಾವೆಗಳ ಪಯಣಕ್ಕೆ ಹಿಡಿದದ್ದು 344 ದಿನ. ಈ ಸಂಖ್ಯೆ ಗ್ರಂಥದಲ್ಲೇ ಇದೆ. ಜಪಾನಿನಿಂದ ಕ್ಯಾಲಿಫೋರ್ನಿಯಾ ಕಡೆಗೆ ಸುಮಾರು 8,500 ಕಿಲೋಮೀಟರ್ ಎಂದಿಟ್ಟುಕೊಂಡರೆ ದಿನಕ್ಕೆ 25 ಕಿಲೋಮೀಟರ್, ಗಂಟೆಗೆ ಒಂದು ಕಿಲೋಮೀಟರ್ ಆಸುಪಾಸು. ಹಾಯಿಯಿಲ್ಲದೆ ಗಾಳಿ ಮತ್ತು ಪ್ರವಾಹಕ್ಕೆ ತೇಲುವ ವಸ್ತುವಿನ ವೇಗ ಇದೇ ಅಂದಾಜಿನದು. 2011ರ ಮಾರ್ಚ್‌ನ ಸುನಾಮಿ ಮಿಸಾವಾ ಬಂದರಿನಿಂದ ಕಿತ್ತೊಯ್ದ ಕಟ್ಟೆಯೊಂದು 2012ರ ಜೂನ್‌ನಲ್ಲಿ ಅಮೆರಿಕದ ಒರೆಗಾನ್ ತೀರ ಸೇರಿತು. ಮನುಷ್ಯರೂ ಹೀಗೆ ತೇಲಿದ್ದಾರೆ. 1832ರಲ್ಲಿ ಹೊರಟ ಹೋಜುನ್‌ಮಾರು ಎಂಬ ಜಪಾನಿ ಸರಕು ಹಡಗು ಬಿರುಗಾಳಿಗೆ ಚುಕ್ಕಾಣಿ ಕಳೆದುಕೊಂಡು ಸುಮಾರು ಹದಿನಾಲ್ಕು ತಿಂಗಳು ತೇಲಿ ಇಂದಿನ ವಾಷಿಂಗ್ಟನ್ ರಾಜ್ಯದ ದಡಕ್ಕೆ ಬಿತ್ತು. ಹದಿನಾಲ್ಕು ಮಂದಿಯಲ್ಲಿ ಮೂವರು ಉಳಿದಿದ್ದರು. ಹೊಟ್ಟೆಗೆ ಸರಕಿನ ಅಕ್ಕಿ ಇತ್ತು, ಕೊಂದದ್ದು ಸ್ಕರ್ವಿ. ವಿಟಮಿನ್ ಸಿ ಇಲ್ಲದೆ ಒಂದರಿಂದ ಮೂರು ತಿಂಗಳಲ್ಲಿ ಒಸಡು ಒಡೆಯಲು ಶುರುವಾಗುತ್ತದೆ. ನೀರಿನ ಲೆಕ್ಕ ಇನ್ನೂ ಕಠಿಣ. ದಿನಕ್ಕೆ ಮೂರು ಲೀಟರ್‌ನಂತೆ ಒಬ್ಬರಿಗೆ 344 ದಿನಕ್ಕೆ ಸಾವಿರ ಲೀಟರ್ ಮೀರುತ್ತದೆ. ಮುಚ್ಚಿದ ನಾವೆಗೆ ಮಳೆನೀರು ಹಿಡಿಯಲು ಹಾಯಿಯೂ ಇಲ್ಲ, ಅಟ್ಟವೂ ಇಲ್ಲ. ಚುಕ್ಕಾಣಿಯಿಲ್ಲದ ಎಂಟು ನಾವೆಗಳು ಒಂದೇ ಕಡೆ ದಡ ಸೇರುವುದು ಎಲ್ಲಕ್ಕಿಂತ ಕಷ್ಟ. ಒಟ್ಟಿಗೆ ಬಿಟ್ಟ ತೇಲುವ ವಸ್ತುಗಳು ಕೆಲವೇ ವಾರಗಳಲ್ಲಿ ನೂರಾರು ಕಿಲೋಮೀಟರ್ ದೂರ ಚದುರುತ್ತವೆ. 344 ಎಂಬ ಸಂಖ್ಯೆಯನ್ನು ಸಮುದ್ರ ತಳ್ಳಿಹಾಕುವುದಿಲ್ಲ, ಅದರೊಳಗಿನ ಜೀವಗಳನ್ನು ಉಳಿಸುವುದೂ ಇಲ್ಲ. ಆ ಭಾರವನ್ನು ಗ್ರಂಥ ಪವಾಡದ ಮೇಲೆ ಹಾಕುತ್ತದೆ.

ಎರಡನೆಯ ಯಾನ ಅರಬ್ ನೆಲದಿಂದಲೇ ಹೊರಡುತ್ತದೆ. ಹಾಗಾಗಿ ಮುಸ್ಲಿಂ ಹಿನ್ನೆಲೆಯ ಓದುಗರಿಗೆ ಇದು ಹೆಚ್ಚು ಹತ್ತಿರ. ಕ್ರಿಸ್ತಪೂರ್ವ 600ರ ಸುಮಾರಿಗೆ ಲೀಹೈ ಕುಟುಂಬ ಯೆರೂಸಲೇಮ್ ಬಿಟ್ಟು ಕೆಂಪು ಸಮುದ್ರದ ಪಕ್ಕದಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ, ನಾಹೊಮ್ ಎಂಬಲ್ಲಿ ಒಬ್ಬರನ್ನು ಮಣ್ಣುಮಾಡಿ ಹೆಚ್ಚುಕಡಿಮೆ ನೇರ ಪೂರ್ವಕ್ಕೆ ತಿರುಗುತ್ತದೆ, ಎಂಟು ವರ್ಷದ ಮೇಲೆ ಹಣ್ಣು ಮತ್ತು ಕಾಡುಜೇನು ತುಂಬಿದ ಕರಾವಳಿ ಮುಟ್ಟುತ್ತದೆ. ಯೆಮನ್‌ನ ಮಾರಿಬ್ ಬಳಿಯ ಬಾರಾನ್ ದೇವಾಲಯದಲ್ಲಿ ನಿಹ್ಮ್ ಕುಲದ ಹೆಸರು ಕೊರೆದ ಪ್ರಾಚೀನ ಬಲಿಪೀಠಗಳು ಸಿಕ್ಕಿವೆ. ಮಾರ್ಮನ್ ವಿದ್ವಾಂಸರು ಇದನ್ನು ನಾಹೊಮ್‌ಗೆ ಜೋಡಿಸುತ್ತಾರೆ. ಹೆಸರಿನ ವ್ಯಂಜನಗಳು ಕೂಡುತ್ತವೆ, ಜಾಗವೂ ದಿಕ್ಕಿಗೆ ಕೂಡುತ್ತದೆ. ಆದರೆ ಇದೇ ಪ್ರದೇಶದ ನೆಹೆಮ್ ಎಂಬ ಹೆಸರು 18ನೇ ಶತಮಾನದ ಯುರೋಪಿನ ನಕ್ಷೆಗಳಲ್ಲೂ ಇತ್ತು. ಹಸಿರು ಕರಾವಳಿಗೆ ಅವರು ತೋರಿಸುವುದು ಒಮಾನಿನ ಧೋಫಾರ್. ಖೋರ್ ಖರ್ಫೂತ್ ಮತ್ತು ಖೋರ್ ರೋರಿ ಎಂಬ ಎರಡು ಕೊಲ್ಲಿಗಳ ಪರವಾಗಿ ವಾದಗಳಿವೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಖರೀಫ್ ಮಂಜುಮಳೆ ಬಿದ್ದು ಧೋಫಾರಿನ ಬೆಟ್ಟಗಳು ಹಸಿರಾಗುವುದು ನಿಜ.

ಲೀಹೈಯ ಮಗ ನೀಫೈ ಅಲ್ಲಿ ಚರ್ಮದ ತಿದಿ ಮಾಡಿ, ಎರಡು ಕಲ್ಲು ಬಡಿದು ಬೆಂಕಿ ಹೊತ್ತಿಸಿ, ಅದಿರು ಕರಗಿಸಿ ಮೊದಲು ಉಪಕರಣ ಮಾಡಿಕೊಳ್ಳುತ್ತಾನೆ. ಈ ಕ್ರಮ ಸರಿಯಾಗಿದೆ. ಹಡಗು ಕಟ್ಟುವವರಿಗೆ ಕೊಡಲಿ ಮತ್ತು ಬೈರಿಗೆಯೇ ಮೊದಲ ಬಂಡವಾಳ. ತೊಡಕು ಮರದ್ದು. ಧೋಫಾರಿನಲ್ಲಿ ಅತ್ತಿ, ಹುಣಸೆ, ಬೋರೆ ಬೆಳೆಯುತ್ತವೆ, ಉದ್ದನೆಯ ನೇರ ಹಲಗೆ ಕೊಡುವ ಮರ ಕಡಿಮೆ. ಚರಿತ್ರೆಯಲ್ಲಿ ಒಮಾನಿನವರು ತೇಗವನ್ನೂ ತೆಂಗಿನ ನಾರನ್ನೂ ಮಲಬಾರಿನಿಂದ ತರಿಸಿಕೊಂಡರು. ನಾಲ್ಕು ಸಾವಿರ ವರ್ಷಗಳ ಹಿಂದೆ ಅವರ ಮಗಾನ್ (ಆಗಿನ ಒಮಾನಿನ ಹೆಸರು) ದೋಣಿಗಳು ಜೊಂಡಿನವು, ಮೇಲೆ ಕಲ್ಲರಗು ಬಳಿದವು. ರಾಸ್ ಅಲ್ ಜಿನ್ಝ್‌ನಲ್ಲಿ ಚಿಪ್ಪುಹುಳು ಅಂಟಿದ ಅರಗಿನ ತುಂಡುಗಳು ಸಿಕ್ಕಿವೆ. 2005ರಲ್ಲಿ ಅದೇ ಮಾದರಿಯಲ್ಲಿ ಕಟ್ಟಿ ಸೂರ್ ಬಂದರಿನಿಂದ ಬಿಟ್ಟ ದೋಣಿ ಹೊರಟ ಸ್ವಲ್ಪ ಹೊತ್ತಿನಲ್ಲೇ ನೀರು ತುಂಬಿ ಮುಳುಗಿತು.

ಹಿಂದೂ ಮಹಾಸಾಗರ ನಿಜವಾಗಿ ದಾಟಿದ್ದು ಹೊಲಿದ ಹಡಗುಗಳಲ್ಲಿ. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಅಂಚಿನುದ್ದಕ್ಕೂ ಜೋಡಿ ತೂತು ಕೊರೆದು, ಸಂದಿನ ಮೇಲೆ ನಾರಿನ ಸುರುಳಿ ಇಟ್ಟು, ಕತ್ತದ ಹುರಿಯನ್ನು ಒಳಹೊರಗೆ ಹಾಯಿಸಿ ಸನ್ನೆಗೋಲಿನಿಂದ ಬಿಗಿಯುತ್ತಾರೆ. ತೂತುಗಳಿಗೆ ನಾರು ಮತ್ತು ರಾಳ ತುರುಕುತ್ತಾರೆ. ಹುರಿ ಒಣಗಿ ಹರಿಯದಂತೆ ಒಳಗಡೆ ಮೀನೆಣ್ಣೆ, ಮರ ಕೊರೆಯುವ ಕಡಲಹುಳು ಹತ್ತದಂತೆ ತಳಕ್ಕೆ ಕೊಬ್ಬು ಬೆರೆಸಿದ ಸುಣ್ಣ. ಈ ಲೇಪವನ್ನು ಕೆಲವು ತಿಂಗಳಿಗೊಮ್ಮೆ ಕೆರೆದು ಹೊಸದಾಗಿ ಬಳಿಯಬೇಕು, ಬಿಟ್ಟರೆ ಒಂದೇ ಋತುವಿನಲ್ಲಿ ಹಲಗೆ ಜಾಳಾಗುತ್ತದೆ. ಹೊಲಿದ ಮೈ ಅಲೆಗೆ ಬಳುಕುತ್ತದೆ, ಮರಳಿಗೆ ಬಡಿದರೂ ಸೀಳುವುದಿಲ್ಲ. 1998ರಲ್ಲಿ ಇಂಡೊನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ ಸಿಕ್ಕ 9ನೇ ಶತಮಾನದ ಹಡಗು ಇಂಥದ್ದೇ. ಒಳಗೆ ಸುಮಾರು 60,000 ಚೀನೀ ಪಿಂಗಾಣಿಗಳಿದ್ದವು. 1980ರ ನವೆಂಬರಿನಲ್ಲಿ ಸಾಹಸಯಾತ್ರಿ ಟಿಮ್ ಸೆವೆರಿನ್ ಸುಮಾರು 640 ಕಿಲೋಮೀಟರ್ ಹುರಿಯಿಂದ ಹೊಲಿದ ಸೊಹಾರ್ ಹಡಗನ್ನು ಮಸ್ಕತ್‌ನಿಂದ ಹೊರಡಿಸಿ 1981ರ ಜುಲೈಗೆ ಚೀನಾದ ಗುವಾಂಗ್‌ಝೌ ಮುಟ್ಟಿದ. ಲಂಕಾ ಮತ್ತು ಸುಮಾತ್ರಾ ನಡುವೆ ಗಾಳಿಯೇ ಇಲ್ಲದ ವಲಯದಲ್ಲಿ ಸಿಕ್ಕಿಕೊಂಡು ಹಾಯಿಯ ಅಡ್ಡಮರ ಮುರಿದು, ಮಳೆನೀರು ಹಿಡಿದು ಕುಡಿಯುವಂತಾಯಿತು. ಸೂರಾ ಅಶ್ಶೂರಾ ಹೇಳುವ ನಿಂತ ಹಡಗು ಇದೇ.

ಅಂದರೆ ನೀಫೈಯ ದಾರಿಯ ಮೊದಲ ಕಾಲುಭಾಗ ಸಾಧ್ಯವಿರುವ ದಾರಿ. ಖರೀಫ್ ಜೋರಾಗಿರುವಾಗ ಬಂದರು ಬಿಡಲಾಗುವುದಿಲ್ಲ, ಅದರ ಬಾಲ ಹಿಡಿದು ಹೊರಟರೆ ಪೂರ್ವಕ್ಕೆ ಸಾಗಬಹುದು. ಮಲಕ್ಕಾ ದಾಟಿದ ಮೇಲೆ ಗಣಿತ ತಿರುಗುತ್ತದೆ. ಉಷ್ಣವಲಯದ ಪೆಸಿಫಿಕ್‌ನಲ್ಲಿ ವಾಣಿಜ್ಯ ಮಾರುತ ಬೀಸುವುದು ಪೂರ್ವದಿಂದ ಪಶ್ಚಿಮಕ್ಕೆ. ಎದುರು ಹೋಗಲು ಸಮಭಾಜಕದ ಉತ್ತರದ ಕಿರಿದಾದ ಪ್ರತಿಪ್ರವಾಹ ಹಿಡಿಯಬೇಕು, ಇಲ್ಲವೇ ಎಲ್ ನಿನೋ ವರ್ಷಗಳ ಪಶ್ಚಿಮ ಗಾಳಿಗೆ ಕಾಯಬೇಕು. ಧೋಫಾರಿನಿಂದ ಮಧ್ಯ ಅಮೆರಿಕಕ್ಕೆ ಒಟ್ಟು ದೂರ 20,000 ಕಿಲೋಮೀಟರ್ ಮೀರುತ್ತದೆ. ಗ್ರಂಥ ಇಲ್ಲಿ ‘ಬಹಳ ದಿನಗಳು’ ಎಂದಷ್ಟೇ ಹೇಳಿ ಮುಗಿಸುತ್ತದೆ.

ದಾರಿ ತೋರಿಸಿದ್ದು ಲಿಯಹೋನಾ, ಎರಡು ಮುಳ್ಳುಗಳಿದ್ದ ಹಿತ್ತಾಳೆಯ ಗುಂಡು. ಅದು ನಡೆಯುತ್ತಿದ್ದದ್ದು ನಂಬಿಕೆಯ ಮೇಲೆ. ಅಣ್ಣಂದಿರು ನೀಫೈಯನ್ನು ಕಟ್ಟಿಹಾಕಿದ ಕೂಡಲೇ ಅದು ನಿಂತಿತು, ಬಿರುಗಾಳಿ ಎದ್ದಿತು, ಮೂರು ದಿನ ಹಡಗು ಹಿಂದಕ್ಕೆ ಹೋಯಿತು, ನಾಲ್ಕನೇ ದಿನ ಮುಳುಗುವ ಹಂತಕ್ಕೆ ಬಂದಾಗ ಕಟ್ಟು ಬಿಚ್ಚಿದರು, ಗುಂಡು ಮತ್ತೆ ತೋರಿಸತೊಡಗಿತು. ಅರಬ್ ನಾವಿಕರ ಉಪಕರಣ ಕಮಾಲ್ ಇದಕ್ಕೆ ತದ್ವಿರುದ್ಧ. ಒಂದು ಮರದ ತುಂಡು, ನಡುವಿಗೆ ಕಟ್ಟಿದ ಗಂಟುಗಳ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಮರದ ಕೆಳ ಅಂಚನ್ನು ದಿಗಂತಕ್ಕೆ, ಮೇಲಂಚನ್ನು ಧ್ರುವ ನಕ್ಷತ್ರಕ್ಕೆ ಕೂಡಿಸಿದರೆ ಯಾವ ಗಂಟಿಗೆ ಬಂತೋ ಅದೇ ಬಂದರಿನ ಅಕ್ಷಾಂಶ. ಅಳತೆ ಇಸ್ಬಾದಲ್ಲಿ, ಒಂದು ಇಸ್ಬಾ ಸುಮಾರು 1.6 ಡಿಗ್ರಿ. ಮೋಡ ಕವಿದರೆ ಕೆಲಸವಿಲ್ಲ, ಸಮಭಾಜಕದ ಹತ್ತಿರ ಧ್ರುವ ನಕ್ಷತ್ರ ಮುಳುಗಿದರೆ ಬೇರೆ ನಕ್ಷತ್ರ ಹುಡುಕಬೇಕು. ಆದರೆ ಹಿಡಿದವನು ಪುಣ್ಯವಂತನೋ ಪಾಪಿಯೋ ಎಂದು ಕಮಾಲ್ ನೋಡುವುದಿಲ್ಲ. ನೆಲ ಮತ್ತು ಕಡಲಿನ ಕತ್ತಲಲ್ಲಿ ದಾರಿ ಕಾಣಲೆಂದು ನಕ್ಷತ್ರಗಳನ್ನಿಟ್ಟಿದ್ದೇನೆ ಎಂದು ಕುರ್‌ಆನ್ ಹೇಳುವಾಗ ಆ ದಾರಿ ಎಲ್ಲರಿಗೂ. ಲಿಯಹೋನಾ ಒಂದು ಕುಟುಂಬದ್ದು, ಅದೂ ಅವರ ನಡತೆಯ ಮೇಲೆ. ಇವತ್ತಿನ ಮಾರ್ಮನ್ ಬದುಕಿನ ದೇವಾಲಯ ಪ್ರವೇಶದ ಸಂದರ್ಶನ, ವೈಯಕ್ತಿಕ ದರ್ಶನದ ಭರವಸೆ ಎಲ್ಲಕ್ಕೂ ಬೇರು ಇಲ್ಲಿದೆ ಎಂದು ನನಗನಿಸುತ್ತದೆ.

ಹೇಗೋತ್ ಎಂಬವನ ಹಡಗುಗಳ ಬಗ್ಗೆ ಬೇಗ ಹೇಳಿಬಿಡಬಹುದು. ಕ್ರಿಸ್ತಪೂರ್ವ 55ರ ಸುಮಾರಿಗೆ ಪಶ್ಚಿಮ ಕಡಲಿಗಿಳಿದ ಈ ಹಡಗುಗಳಿಂದಲೇ ಪಾಲಿನೇಷ್ಯಾದ ಜನ ಬಂದರು ಎಂದು ಅಲ್ಲಿನ ಬಹಳಷ್ಟು ಮಾರ್ಮನರು ನಂಬುತ್ತಾರೆ. ಗ್ರಂಥ ಅವು ಉತ್ತರಕ್ಕೆ ಹೋದವು ಎನ್ನುತ್ತದೆ, ದ್ವೀಪಗಳ ಮಾತೇ ಇಲ್ಲ. ಭಾಷೆ, ಮಡಕೆ, ವಂಶವಾಹಿ ಮೂರೂ ಪಾಲಿನೇಷ್ಯರನ್ನು ತೈವಾನ್ ಮತ್ತು ಆಗ್ನೇಯ ಏಷ್ಯಾ ಕಡೆಗೆ ಒಯ್ಯುತ್ತವೆ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆಯೇ ಅವರು ಟೊಂಗಾ ತಲುಪಿದ್ದರು. 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ದಕ್ಷಿಣ ಅಮೆರಿಕದವರೊಂದಿಗೆ ಒಂದು ಮಿಲನವನ್ನು ತೋರಿಸಿತು, ಅದೂ ಕ್ರಿಸ್ತಶಕ 1200ರ ಆಸುಪಾಸಿನದು. ಅಮೆರಿಕದ ಮೂಲನಿವಾಸಿಗಳ ವಿಷಯದಲ್ಲಿ ಸಭೆಯೂ ಜಾಗ ಬಿಟ್ಟುಕೊಟ್ಟಿದೆ: ಗ್ರಂಥದ ಮುನ್ನುಡಿಯಲ್ಲಿ ಲೀಹೈ ಸಂತತಿ ಅವರ ‘ಮುಖ್ಯ ಪೂರ್ವಜರು’ ಎಂದಿದ್ದದ್ದು 2007ರ ಹೊತ್ತಿಗೆ ‘ಪೂರ್ವಜರಲ್ಲಿ ಕೆಲವರು’ ಎಂದಾಯಿತು.

ಮಾರ್ಮನರ ದಾಖಲೆಯಿರುವ ಯಾನಗಳು ನನಗೆ ಇವೆಲ್ಲಕ್ಕಿಂತ ಹೆಚ್ಚು ಮನಮುಟ್ಟುತ್ತವೆ. ಮಾರ್ಮನರ ಮೊದಲ ಬಂಡಿಗಳು ಅವರ ಆಗಿನ ನೆಲೆಯಾದ ‘ನಾವೂ’ (Nauvoo) ಎಂಬ ಪಟ್ಟಣ ಬಿಟ್ಟ ದಿನವೇ, 1846ರ ಫೆಬ್ರುವರಿ 4ರಂದು, ಬ್ರೂಕ್ಲಿನ್ ಹಡಗು 230ಕ್ಕೂ ಹೆಚ್ಚು ಮಂದಿಯನ್ನು ಹೊತ್ತು ನ್ಯೂಯಾರ್ಕ್ ಬಿಟ್ಟಿತು. ಜೊತೆಗೆ ಒಂದು ಮುದ್ರಣ ಯಂತ್ರ. ಹಾರ್ನ್ ಭೂಶಿರ ಸುತ್ತಿ, ನೀರಿಗಾಗಿ ಹುವಾನ್ ಫೆರ್ನಾಂಡೆಸ್ ದ್ವೀಪದಲ್ಲಿ ನಿಂತು, ಹೊನೊಲುಲು ಮೂಲಕ ಜುಲೈ 31ಕ್ಕೆ ಇಂದಿನ ಸ್ಯಾನ್ ಫ್ರಾನ್ಸಿಸ್ಕೊ ಸೇರಿತು. ದಾರಿಯಲ್ಲಿ ಹುಟ್ಟಿದ ಎರಡು ಮಕ್ಕಳಿಗೆ ಅಟ್ಲಾಂಟಿಕ್, ಪೆಸಿಫಿಕ್ ಎಂಬ ಹೆಸರು ಸೇರಿಸಿದರು. 177 ದಿನದಲ್ಲಿ ಸುಮಾರು ಹತ್ತು ಸಾವು. 1840ರಿಂದ ಲಿವರ್‌ಪೂಲ್ ಮೂಲಕ ಐವತ್ತು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಜನ ಅಟ್ಲಾಂಟಿಕ್ ದಾಟಿದರು. ಹೊರಡುವ ಮೊದಲೇ ಹಡಗಿಗೆ ಒಬ್ಬ ಅಧ್ಯಕ್ಷ, ಇಬ್ಬರು ಸಲಹೆಗಾರರು. ಮಲಗುವ ತಳಮಹಡಿಯನ್ನು ವಾರ್ಡ್‌ಗಳಾಗಿ ಹಂಚಿಕೆ. ನಸುಕಿನಲ್ಲೇ ಎದ್ದು ನೆಲ ತೊಳೆಯುವುದು, ಪ್ರಾರ್ಥನೆ, ಅಡುಗೆಗೆ ಸರದಿ. ಬ್ರಿಟಿಷ್ ಕಾನೂನಿನ ಪ್ರಕಾರ ಒಬ್ಬ ವಯಸ್ಕರಿಗೆ ದಿನಕ್ಕೆ ಮೂರು ಕ್ವಾರ್ಟ್ ನೀರು, ಅಂದರೆ 3.4 ಲೀಟರ್. ಬಡವರಿಗೆ 1849ರಲ್ಲಿ ಹುಟ್ಟಿದ ವಲಸೆ ನಿಧಿಯಿಂದ ಸಾಲ. 1863ರಲ್ಲಿ ಲಂಡನ್ ಬಂದರಿನಲ್ಲಿ ಅಮೆಜಾನ್ ಹಡಗು ಹತ್ತಿ ನೋಡಿದ ಚಾರ್ಲ್ಸ್ ಡಿಕನ್ಸ್, ದೋಷ ಹುಡುಕಲು ಹೋಗಿ ಆ ಶಿಸ್ತನ್ನು ಮೆಚ್ಚಿ ಬಂದರು. ಎಲ್ಲವೂ ಸುಖಾಂತವಲ್ಲ. ಸಿಡ್ನಿಯಿಂದ ಹೊರಟ ಜೂಲಿಯಾ ಆನ್ ಹಡಗು 1855ರ ಅಕ್ಟೋಬರಿನಲ್ಲಿ ರಾತ್ರಿ ಹವಳದ ದಿಬ್ಬಕ್ಕೆ ಬಡಿದು ಇಬ್ಬರು ಹೆಂಗಸರು, ಮೂರು ಮಕ್ಕಳು ತೀರಿಕೊಂಡರು.

ಈಗ, ಈ ಧರ್ಮವನ್ನು ಒಳಗಿನಿಂದ ನೋಡಹೊರಟವರಿಗೆ ಕೆಲಸಕ್ಕೆ ಬರುವ ಮಾತು. ಮೊದಲ ಪುಟದಿಂದ ಓದಲು ಕೂತರೆ ಯೆಶಾಯನ ಉದ್ದನೆಯ ಉಲ್ಲೇಖಗಳಲ್ಲಿ ಹೆಚ್ಚಿನವರು ಸೋಲುತ್ತಾರೆ. ಮೊದಲ ನೀಫೈಯ 16ರಿಂದ 18, ಈಥರ್ 1ರಿಂದ 6, ಆಮೇಲೆ ಎರಡನೇ ನೀಫೈ 29 ಓದಿ. ದೇವರು ಎಲ್ಲ ಜನಾಂಗಗಳೊಂದಿಗೂ ಮಾತಾಡುತ್ತಾನೆ, ಎಲ್ಲರಿಂದಲೂ ಬರೆಸುತ್ತಾನೆ ಎಂಬ ಆ ಅಧ್ಯಾಯದಿಂದಲೇ 1978ರ ಫೆಬ್ರುವರಿಯ ಅಧಿಕೃತ ಹೇಳಿಕೆ ಹುಟ್ಟಿದಂತಿದೆ. ಅದರಲ್ಲಿ ಸಭೆಯ ಅಧ್ಯಕ್ಷಮಂಡಳಿ ಮುಹಮ್ಮದರು ದೇವರ ಬೆಳಕಿನ ಒಂದು ಪಾಲು ಪಡೆದವರು ಎಂದಿತು. ಒಂದು ಪಾಲು ಎಂಬಲ್ಲಿನ ಮಿತಿಯನ್ನೂ ಗಮನಿಸಿ. ಅತ್ತ ಸೂರಾ ಅಲ್‌ಅಹ್‌ಝಾಬ್ ಮುಹಮ್ಮದರನ್ನು ಪ್ರವಾದಿಗಳ ಮುದ್ರೆ ಎನ್ನುತ್ತದೆ, ಇತ್ತ ಸಾಲ್ಟ್ ಲೇಕ್‌ನಲ್ಲಿ ಇವತ್ತೂ ಒಬ್ಬ ಪ್ರವಾದಿ ಕುಳಿತಿದ್ದಾರೆ. ಎರಡನ್ನೂ ಒಟ್ಟಿಗೆ ಹಿಡಿಯುವ ದಾರಿ ಯಾವ ಕಡೆಯಲ್ಲೂ ಇಲ್ಲ.

ಮಿಷನರಿಗಳು ಮೊರೊನೈ 10ನೇ ಅಧ್ಯಾಯದ ಮಾತಿನಂತೆ ಪ್ರಾರ್ಥಿಸಿ ಉತ್ತರ ಪಡೆಯಲು ಹೇಳುತ್ತಾರೆ. ಇಸ್ತಿಖಾರ ಬಲ್ಲವರಿಗೆ ಇದು ಗೊತ್ತಿರುವ ಹಾಗೆ ಅನಿಸುತ್ತದೆ, ಆದರೆ ಬೇರೆ. ಇಸ್ತಿಖಾರ ಎಂದರೆ ಎರಡು ರಕಅತ್ ನಮಾಝ್‌ನ ನಂತರ, ಅನುಮತಿಯಿರುವ ಆಯ್ಕೆಗಳಲ್ಲಿ ಒಳಿತನ್ನು ಸುಲಭಮಾಡು ಎಂದು ಬೇಡುವುದು. ನಂಬಿಕೆಯ ಸತ್ಯಾಸತ್ಯಕ್ಕೆ ಅದನ್ನು ಬಳಸುವುದಿಲ್ಲ. ಮೊರೊನೈಯ ವಾಗ್ದಾನ ಗ್ರಂಥದ ಸತ್ಯದ ಬಗ್ಗೆಯೇ ಕೇಳಲು ಹೇಳುತ್ತದೆ, ಮತ್ತು ಕ್ರಿಸ್ತನಲ್ಲಿ ನಂಬಿಕೆಯಿಟ್ಟು ಕೇಳಬೇಕು ಎಂಬ ಷರತ್ತು ಅದರೊಳಗೇ ಇದೆ. ಎದೆಯಲ್ಲಿ ಬಿಸಿ ಅನಿಸುವುದನ್ನು ಉತ್ತರವೆಂದು ಓದಲು ಕಲಿಸುತ್ತಾರೆ. ಅದೇ ಎದೆ ಕುರ್‌ಆನ್ ಪಠಣ ಕೇಳಿದಾಗಲೂ ಕರಗಿರಬಹುದು. ಎರಡನ್ನೂ ಪ್ರಾಮಾಣಿಕವಾಗಿ ಬರೆದಿಟ್ಟು ಹೋಲಿಸುವುದು ಒಳ್ಳೆಯದು.

ದೀಕ್ಷಾಸ್ನಾನದ ದಿನಾಂಕದ ಮಾತು ಮೊದಲ ಕೆಲವು ಭೇಟಿಗಳಲ್ಲೇ ಬರುತ್ತದೆ. ಒಪ್ಪಿಕೊಳ್ಳುವ ಮುನ್ನ ನಾಲ್ಕು ವಿಷಯ ಕೇಳಿ ತಿಳಿಯಬೇಕು: ದೇವರ ದೇಹ, 1890ರಲ್ಲಿ ಅಧಿಕೃತವಾಗಿ ಕೈಬಿಟ್ಟ ಬಹುಪತ್ನಿತ್ವ, 1978ರ ಜೂನ್‌ವರೆಗೆ ಕಪ್ಪು ಪುರುಷರಿಗೆ ಯಾಜಕತ್ವ ಇರದಿದ್ದದ್ದು, ಮತ್ತು 1967ರಲ್ಲಿ ಮತ್ತೆ ಸಿಕ್ಕ ಸ್ಮಿತ್ ಅಬ್ರಹಾಮನ ಬರಹವೆಂದು ಅನುವಾದಿಸಿದ್ದ ಈಜಿಪ್ಟಿನ ಪಪೈರಸ್‌ಗಳು ಅಬ್ರಹಾಮನ ಗ್ರಂಥವಾಗಿರದೆ ಶವಸಂಸ್ಕಾರದ ಪಠ್ಯಗಳಾಗಿದ್ದದ್ದು. ಇವೆಲ್ಲದರ ಬಗ್ಗೆ ಸಭೆ 2013ರಿಂದ 2015ರ ನಡುವೆ ತಾನೇ ಪ್ರಬಂಧಗಳನ್ನು ಪ್ರಕಟಿಸಿದೆ, ಹಾಗಾಗಿ ಕೇಳುವುದು ಅವಿನಯವಲ್ಲ. ಸ್ನಾನದ ಮುನ್ನ ಸಂದರ್ಶನ ಇರುತ್ತದೆ; ದಶಮಾಂಶ, ಮದ್ಯ, ತಂಬಾಕು, ಚಹಾ, ಕಾಫಿ ಬಿಡುವುದು, ವಿವಾಹದಾಚೆಯ ಸಂಬಂಧ ಇಲ್ಲದಿರುವುದು ಇವಕ್ಕೆ ಒಪ್ಪಿಗೆ ಕೇಳುತ್ತಾರೆ. ದೇವಾಲಯದೊಳಗಿನ ಪೂರ್ಣ ವಿಧಿಗೆ ಸಾಮಾನ್ಯವಾಗಿ ಇನ್ನೊಂದು ವರ್ಷ. ಅಲ್ಲಿ ಮಾಡುವ ಪ್ರತಿಜ್ಞೆಗಳ ವಿವರವನ್ನು ಮೊದಲೇ ಕೇಳಿಕೊಳ್ಳಬಹುದು. ಬೇಡವೆನಿಸಿದರೆ ಲಿಖಿತ ಮನವಿಯಿಂದ ಸದಸ್ಯತ್ವ ತೆಗೆಸಬಹುದು.

ಮತಾಂತರ ಅಪರಾಧವಾಗಿರುವ ದೇಶದಲ್ಲಿ ನೆಲೆ ಅಥವಾ ಕುಟುಂಬ ಇರುವವರು ಅದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ಅರಬ್ ದೇಶಗಳಲ್ಲಿ ಸಭೆ ಮುಸ್ಲಿಮರ ನಡುವೆ ಧರ್ಮಪ್ರಚಾರ ಮಾಡುವುದಿಲ್ಲ, ಅಲ್ಲಿರುವ ಅದರ ಕೂಟಗಳು ಹೊರನಾಡಿನ ಸದಸ್ಯರಿಗಾಗಿ. ಯೆರೂಸಲೇಮಿನಲ್ಲಿ ಅದರ ವಿಶ್ವವಿದ್ಯಾಲಯದ ಕೇಂದ್ರವೇ ಪ್ರಚಾರ ಮಾಡುವುದಿಲ್ಲವೆಂದು ಬರೆದುಕೊಟ್ಟು ನಿಂತಿದೆ. ಅವಸರವಿಲ್ಲದವರು 2021ರ ಡಿಸೆಂಬರಿನಲ್ಲಿ ಸಭೆ ಹೊರತಂದ, ಮುಸ್ಲಿಮರ ಮತ್ತು ತನ್ನ ನಂಬಿಕೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಕಿರುಪುಸ್ತಕದಿಂದ ಶುರುಮಾಡಬಹುದು. ಅದನ್ನು ಓದುವಾಗ ಈಥರ್ 3 ಮತ್ತು ಸೂರಾ ಅಲ್‌ಅಅ್‌ರಾಫ್ ಎರಡನ್ನೂ ತೆರೆದಿಟ್ಟುಕೊಂಡಿರಿ.